ಹತ್ತಕ್ಕೆ ಹತ್ತು

ಹುಣಸೂರಿನ ಹೊರಗೆ, ಮೈಸೂರು ರಸ್ತೆಯಲ್ಲಿ, ನಾನು ಕಾರು ಕೊಂಡ ಷೋರೂಮಿದೆ. ಮುಂದುಗಡೆ ಎಲ್ಲ ಗಾಜು, ಹಿಂದುಗಡೆ ತಗಡಿನ ಷೆಡ್ಡು. ಗಾಜಿನ ಮನೆಯಲ್ಲಿ ಕಾರು ಮಾರುತ್ತಾರೆ, ಷೆಡ್ಡಿನಲ್ಲಿ ಮಾರಿದ ಕಾರನ್ನು ತೊಳೆಯುತ್ತಾರೆ. ಷೆಡ್ಡಿನ ಮೇಲೆ ಸರ್ವೀಸ್ ಸೆಂಟರ್ ಅಂತ ದೊಡ್ಡ ಬೋರ್ಡಿದೆ ನಿಜ. ಆದರೆ ನಾಲ್ಕು ತಿಂಗಳಲ್ಲಿ ಐದು ಸಲ ಹೋಗಿ ಬಂದ ನಾನು ಅಲ್ಲಿ ಕಣ್ಣಾರೆ ಕಂಡದ್ದು ತೊಳೆಯುವುದನ್ನು ಮಾತ್ರ. ಅದನ್ನು ಚೆನ್ನಾಗಿ ಮಾಡುತ್ತಾರೆ, ಸುಳ್ಳು ಹೇಳಬಾರದು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಮನೆ ಹುಣಸೂರಿನಲ್ಲಿ, ಸ್ಕೂಲು ಹೆಗ್ಗಡದೇವನಕೋಟೆ ತಾಲೂಕಿನ ಒಂದು ಹಳ್ಳಿಯಲ್ಲಿ. ಈ ಸ್ಕೂಲಿಗೆ ಹದಿನೆಂಟು ವರ್ಷ ಬಸ್ಸಿನಲ್ಲೇ ಹೋಗಿ ಬಂದೆ. ಬೆಳಿಗ್ಗೆ ಸೀಟಿಗೆ ಟವೆಲ್ ಹಾಕುವವರ ಜೊತೆ ಜಗಳ, ಸಂಜೆ ಕೊನೆಯ ಬಸ್ಸು ತಪ್ಪೀತೆಂಬ ಭಯ. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ. ಕಲಿಸಿದವನು ನನ್ನ ಹಳೇ ವಿದ್ಯಾರ್ಥಿ. ಎಂಟನೇ ಕ್ಲಾಸಿನಲ್ಲಿ ನನ್ನಿಂದ ಕಿವಿ ಹಿಂಡಿಸಿಕೊಂಡವನು ಒಂದು ದಿನವೂ ಸೇಡು ತೀರಿಸಿಕೊಳ್ಳದೆ ಮರ್ಯಾದೆಯಿಂದ ಕಲಿಸಿದ. ಮೊದಲನೇ ಸಲಕ್ಕೇ ಲೈಸೆನ್ಸ್ ಬಂತು. ನನ್ನ ಸಂಬಳದಲ್ಲಿ, ನನ್ನ ಹೆಸರಿನಲ್ಲಿ ಕಾರು ತಗೊಂಡೆ.

ಕಾರು ಕೊಡುವ ದಿನ ಷೋರೂಮಿನವರು ಒಂದು ನಾಟಕ ಆಡುತ್ತಾರೆ. ಕಾರಿಗೆ ರೇಷ್ಮೆ ಬಟ್ಟೆ ಹೊದಿಸಿ, ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಆಮೇಲೆ ರಟ್ಟಿನಲ್ಲಿ ಮಾಡಿದ ಆಳೆತ್ತರದ ಒಂದು ಬೀಗದ ಕೈ ತಂದು ಕೈಗೆ ಕೊಟ್ಟು ಫೋಟೋ ತೆಗೆಯುತ್ತಾರೆ. ಆ ರಟ್ಟಿನ ಕೀಯನ್ನು ನನ್ನ ಯಜಮಾನರ ಕೈಗೆ ಕೊಟ್ಟರು. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ನನ್ನ ಯಜಮಾನರು ಅದನ್ನು ಎದೆಗವಚಿಕೊಂಡು ನಕ್ಕರು. ನಾನು ಪಕ್ಕದಲ್ಲಿ ನಿಂತಿದ್ದೆ. ಫಾರಂ ತುಂಬುವವನು "ಫೋನ್ ನಂಬರ್ ಹೇಳಿ ಸಾರ್" ಅಂತ ಅವರನ್ನೇ ಕೇಳಿದ, ಅವರೂ ತಮ್ಮದನ್ನೇ ಹೇಳಿದರು. ಶುಭದಿನ, ಯಾಕೆ ದನಿ ಎತ್ತುವುದು ಅಂತ ನಾನು ಸುಮ್ಮನಿದ್ದೆ. ನನ್ನ ಕಡೆಯಿಂದ ಆದ ತಪ್ಪು ಅಂತ ಇದ್ದರೆ ಅದೊಂದೇ.

ಆರು ತಿಂಗಳು ಕಾರು ಚಿನ್ನದಂತೆ ಓಡಿತು. ಆಮೇಲೆ ಒಂದು ಮಧ್ಯಾಹ್ನ ಸ್ಕೂಲು ಬಿಟ್ಟು ಬರುವಾಗ, ಹೆಗ್ಗಡದೇವನಕೋಟೆ ರಸ್ತೆಯ ಒಂದು ಹಂಪಿನ ಹತ್ತಿರ ನಿಧಾನ ಮಾಡಿದೆ ನೋಡಿ, ಎಂಜಿನ್ ಆಫ್ ಆಯಿತು. ಅದುರಲಿಲ್ಲ, ಕೆಮ್ಮಲಿಲ್ಲ. ಮೀಟರಿನ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು, ಅಷ್ಟೇ. ಕೀ ತಿರುಗಿಸಿದರೆ ಗರ ಗರ ಅನ್ನುತ್ತೆ, ಹಿಡಿಯುವುದಿಲ್ಲ. ಹಿಂದೆ ಬಸ್ಸು, ಅದರ ಹಿಂದೆ ಟ್ರ್ಯಾಕ್ಟರು, ಎಲ್ಲರದ್ದೂ ಹಾರನ್ನು. ಕಾಲು ಗಂಟೆ ಬಿಟ್ಟು ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ.

ಷೋರೂಮಿಗೆ ಹೋದೆ. ಅಲ್ಲಿ ಸರ್ವೀಸ್ ಅಡ್ವೈಸರ್ ಅಂತ ಒಬ್ಬರಿದ್ದಾರೆ. ನಲವತ್ತೈದರ ಹತ್ತಿರದ ಮನುಷ್ಯ, ಮೀಸೆಗೆ ಬಣ್ಣ, ಕತ್ತಿಗೆ ಟೈ. ಕಾರಿಗೂ ಅವರಿಗೂ ಇರುವ ಸಂಬಂಧ ಅಂದರೆ ಅದರ ಬಗ್ಗೆ ಟೈಪ್ ಮಾಡುವುದು. ನಾನು ಎಲ್ಲ ವಿವರಿಸಿದೆ. ಅವರು ಕೇಳಿದ ಮೊದಲನೇ ಪ್ರಶ್ನೆ ಇದು.

"ಗಾಡಿ ಯಾರು ಓಡ್ಸೋದು ಮೇಡಂ?"

"ನಾನೇ."

"ಸಾರು ಓಡ್ಸಲ್ವಾ?"

"ಬೆಳಿಗ್ಗೆ ಹೊತ್ತು ಹಾಲು, ತರಕಾರಿ ಅಂತ ಊರೊಳಗೆ ಓಡಿಸ್ತಾರೆ."

"ಸಾರ್ ಓಡ್ಸುವಾಗ ನಿಂತಿತ್ತಾ?"

"ಇಲ್ಲ."

"ಓ," ಅಂದರು.

ಆ ಒಂದು ಅಕ್ಷರದಲ್ಲಿ ನನ್ನ ಖಟ್ಲೆ ತೀರ್ಮಾನವಾಗಿ ಹೋಯಿತು. ಏನೋ ಟೈಪ್ ಮಾಡಿಕೊಂಡರು. ಸಂಜೆ ಕಾರನ್ನು ಥಳಥಳ ತೊಳೆದು ಕೊಟ್ಟು, "ಸ್ಕ್ಯಾನರ್ ಹಾಕಿ ನೋಡುದ್ವಿ ಮೇಡಂ, ಗಾಡೀಲಿ ಏನೂ ಇಲ್ಲ. ಹಾಫ್ ಕ್ಲಚ್ಚಲ್ಲಿ ಓಡುಸ್ತಾ ಇದೀರೇನೋ, ನೋಡ್ಕಳಿ" ಅಂದರು. ಕೀ ಕೊಡುವಾಗ ಮಾತ್ರ ದನಿ ತಗ್ಗಿತು. "ನಾಳೆ ನಾಡಿದ್ದರಲ್ಲಿ ಕಂಪ್ನಿಯಿಂದ ಫೋನ್ ಬತ್ತದೆ ಮೇಡಂ. ಸರ್ವೀಸ್ ಎಂಗಿತ್ತು ಅಂತ ಕೇಳ್ತರೆ. ಹತ್ತಕ್ಕೆ ಹತ್ತು ಅಂದ್ಬುಡಿ. ಒಂಬತ್ತು ಕೊಟ್ರೂ ನಮ್ಮನ್ನ ಫೇಲು ಅಂತರೆ."

ಇಪ್ಪತ್ತೇಳು ವರ್ಷದ ಸರ್ವೀಸಿನಲ್ಲಿ ಮುಂಚಿತವಾಗಿ ಬಂದು ನೂರಕ್ಕೆ ನೂರು ಕೇಳಿದ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ. ಫೋನ್ ಬರಲಿ ಅಂತ ಕಾದೆ. ಏನು ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದೂ ಇಟ್ಟುಕೊಂಡೆ. ಫೋನ್ ಬರಲೇ ಇಲ್ಲ. ಬೇಕೆಂದೇ ನನ್ನನ್ನು ಬಿಟ್ಟಿದ್ದಾರೆ ಕಳ್ಳ ನನ್ನ ಮಕ್ಕಳು ಅಂದುಕೊಂಡೆ.

ಎರಡನೇ ಸಲ ಸಾಫ್ಟ್‌ವೇರ್ ಹೊಸದು ಹಾಕಿದ್ದೇವೆ ಅಂದರು. ಮೂರು ದಿನಕ್ಕೆ ಹೊಸ ಸಾಫ್ಟ್‌ವೇರಿನ ಸಮೇತ ಕಾರು ಹಂಪಿನ ಮೇಲೆ ನಿಂತಿತು. ಆಗ ನಾನು ಒಂದು ನೋಟ್‌ಬುಕ್ ಇಟ್ಟೆ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು ನಿಮಿಷ ಓಡಿದ ಮೇಲೆ ನಿಂತಿತು, ಎಷ್ಟು ನಿಮಿಷಕ್ಕೆ ಮತ್ತೆ ಸ್ಟಾರ್ಟ್ ಆಯಿತು, ಎಲ್ಲವನ್ನೂ ಗೆರೆ ಹೊಡೆದು ಕಾಲಂ ಮಾಡಿ ಬರೆದೆ. ಐದನೇ ಕ್ಲಾಸಿನ ಮಗು ನೋಡಿದರೂ ತಿಳಿಯುವಂತಿತ್ತು. ಬೆಳಿಗ್ಗೆ ತಂಪಿನಲ್ಲಿ ಒಂದು ದಿನವೂ ನಿಂತಿಲ್ಲ, ಅರ್ಧ ಗಂಟೆಗಿಂತ ಕಡಿಮೆ ಓಡಿದಾಗ ನಿಂತಿಲ್ಲ, ನಿಂತದ್ದೆಲ್ಲ ಬಿಸಿಲಲ್ಲಿ, ಎಂಜಿನ್ ಕಾದ ಮೇಲೆ.

ನನ್ನ ತವರು ಪಿರಿಯಾಪಟ್ಟಣದ ಕಂಪಲಾಪುರದ ಕಡೆ. ಮನೆಯ ಹಿಂದೆಯೇ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇತ್ತು. ಒಲೆಯಿಂದ ಬಿಸಿ ಹೊಗೆ ಒಳಗೆ ಹೋಗುವ ತಗಡಿನ ಕೊಳವೆಯಲ್ಲಿ ಬಿರುಕಿದ್ದರೆ ಸೊಪ್ಪೆಲ್ಲ ಹಾಳು, ಒಮ್ಮೊಮ್ಮೆ ಬ್ಯಾರನ್ನೇ ಸುಟ್ಟುಹೋಗುವುದು. ನಮ್ಮಪ್ಪ ಆ ಕೊಳವೆಯನ್ನು ತಣ್ಣಗಿದ್ದಾಗ ಒಂದು ಸಲ ನೋಡಿ, ಒಲೆ ಹಾಕಿ ಕೆಂಪಗೆ ಕಾಯಿಸಿ ಮತ್ತೊಂದು ಸಲ ನೋಡುತ್ತಿದ್ದರು. "ತಣ್ಣಗಿದ್ದಾಗ ಎಲ್ಲಾ ನೆಟ್ಟಗೇ ಕಾಣ್ತವೆ ಕಣವ್ವ. ಕಾದ್ಮೇಲೆ ಬಾಯಿ ಬುಡ್ತವೆ" ಅನ್ನುತ್ತಿದ್ದರು. ಮೂರನೇ ಸಲ ಹೋದಾಗ ನೋಟ್‌ಬುಕ್ ಮುಂದಿಟ್ಟು, ಈ ಮಾತನ್ನೇ ಅಡ್ವೈಸರಿಗೆ ಹೇಳಿದೆ. ಮಧ್ಯಾಹ್ನದ ಬಿಸಿಲಲ್ಲಿ ಕೋಟೆಯ ತನಕ ಓಡಿಸಿ ನೋಡಿ, ಬೆಳಿಗ್ಗೆ ನಿಮ್ಮ ಕಾಂಪೌಂಡಿನೊಳಗೆ ಒಂದು ಸುತ್ತು ಹಾಕಿದರೆ ಏನು ಗೊತ್ತಾಗುತ್ತೆ ಅಂದೆ.

ಅವರು ಪುಟ ತಿರುಗಿಸಿ ತಿರುಗಿಸಿ ನೋಡಿದರು. "ಅಕ್ಷರ ಮುದ್ದಾಗಿ ಬರಿತೀರಿ ಮೇಡಂ," ಅಂದರು. ಆಮೇಲೆ, ಪೆಟ್ರೋಲು ಯಾವ ಬಂಕಿನಲ್ಲಿ ಹಾಕಿಸ್ತೀರಿ ಅಂತ ಕೇಳಿದರು.

ಅಯ್ಯೋ ಅವರ ಯೋಗ್ಯತೆಗಿಷ್ಟು. ಅಕ್ಷರ ಓದಲು ಬರುವವರಿಗೆ ಅರ್ಥವೂ ಆಗಬೇಕೆಂದು ಕಾನೂನಿಲ್ಲ, ಆದರೂ ಅಷ್ಟು ದೊಡ್ಡ ಟೈ ಕಟ್ಟಿಕೊಂಡವರಿಗೆ ಒಂದಿಷ್ಟಾದರೂ ಆಗಬೇಡವೇ. ಪೆಟ್ರೋಲ್ ಫಿಲ್ಟರ್ ಬದಲಾಯಿಸಿದರು. ತೊಳೆದು ಕೊಟ್ಟರು. ಹತ್ತಕ್ಕೆ ಹತ್ತು ಕೇಳಿದರು.

ನಾಲ್ಕನೇ ಸಲದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಷೋರೂಮಿನ ಡ್ರೈವರೊಬ್ಬನನ್ನು ನನ್ನ ಪಕ್ಕದಲ್ಲಿ ಕೂರಿಸಿ, ಕಾಂಪೌಂಡಿನೊಳಗೆ ನನಗೆ ಕ್ಲಚ್ ಬಿಡುವುದನ್ನು ಹೇಳಿಕೊಡಿಸಿದರು. "ನಿಧಾನಕ್ಕೆ ಬುಡಿ ಮೇಡಂ, ಎದುರ್ಕೋಬೇಡಿ" ಅನ್ನುತ್ತಿದ್ದ ಅವನು. ಹೊಸ ಕಾರು ನೋಡಲು ಬಂದಿದ್ದ ಒಂದು ಕುಟುಂಬ ಗಾಜಿನ ಹಿಂದೆ ನಿಂತು ಕಾಫಿ ಕುಡಿಯುತ್ತಾ ನೋಡುತ್ತಿತ್ತು. ಒಂಬತ್ತು ತಿಂಗಳಿಂದ ದಿನಾ ಕೋಟೆ ರಸ್ತೆಯಲ್ಲಿ ಓಡಿಸಿಕೊಂಡು ಹೋಗಿ ಬರುವವಳು ನಾನು. ಇಳಿದು ಬಾಗಿಲು ಹಾಕಿಕೊಂಡು ಬಂದುಬಿಡಬೇಕಿತ್ತು. ಇಳಿಯಲಿಲ್ಲ. ಇದನ್ನೂ ಮಾಡಿ ಮುಗಿಸಿದರೆ ಮುಂದೆ ನೆಪ ಹೇಳಲು ಏನೂ ಉಳಿಯುವುದಿಲ್ಲವಲ್ಲ ಅಂತ ಹಲ್ಲು ಕಚ್ಚಿಕೊಂಡು ಮೂರು ಸುತ್ತು ಹಾಕಿದೆ.

ಹೊರಗಿನ ಮೆಕಾನಿಕ್ಕಿಗೆ ಯಾಕೆ ತೋರಿಸಲಿಲ್ಲ ಅಂತ ನೀವು ಕೇಳಬಹುದು. ಹೊರಗೆ ಕೈ ಹಾಕಿಸಿದರೆ ವಾರಂಟಿ ಹೋಗುತ್ತದೆ ಅಂತ ಷೋರೂಮಿನವರು ಮೊದಲೇ ಹೆದರಿಸಿದ್ದರು. ತಾವೂ ಮಾಡರು, ಮಾಡುವವರಿಗೂ ಬಿಡರು.

ಅದಾದ ವಾರಕ್ಕೆ ಕೆ.ಆರ್. ನಗರದಲ್ಲಿ ನನ್ನ ನಾದಿನಿಯ ಮನೆಯ ಗೃಹಪ್ರವೇಶ. ನಾನೇ ಓಡಿಸಿಕೊಂಡು ಹೊರಟೆ. ಪಕ್ಕದಲ್ಲಿ ಯಜಮಾನರು, ಹಿಂದೆ ಮೈದುನ. ನಗರ ಇನ್ನೇನು ಬಂತು ಅನ್ನುವಾಗ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ನಿಧಾನ ಮಾಡಿದೆ, ನಿಂತಿತು. ಕಾಲು ಗಂಟೆ ಸುಮ್ಮನಿದ್ದರೆ ತಾನೇ ಸ್ಟಾರ್ಟ್ ಆಗುತ್ತೆ ಅಂದೆ. ಯಾರು ಕೇಳುತ್ತಾರೆ.

"ಇಳೀರಿ ಅತ್ಗೆ, ನಾನು ನೋಡ್ತೀನಿ," ಅಂತ ಮೈದುನ ಇಳಿದ. ಬಾನೆಟ್ ಎತ್ತಿ ಒಳಗೆ ಇಣುಕಿದ. ಏನು ಕಂಡನೋ ಪುಣ್ಯಾತ್ಮ. ಯಾರಿಗೋ ಫೋನ್ ಮಾಡಿದ, ಬಾನೆಟ್ ಹಾಕಿದ, ಕೈ ಒರೆಸಿಕೊಂಡ, ಡ್ರೈವರ್ ಸೀಟಿಗೆ ಬಂದು ಅದನ್ನು ಹಿಂದಕ್ಕೆ ಸರಿಸಿ, ಕನ್ನಡಿ ತಿರುಗಿಸಿಕೊಂಡ. ಅಷ್ಟು ಹೊತ್ತಿಗೆ ನನ್ನ ಲೆಕ್ಕದ ಕಾಲು ಗಂಟೆ ಆಗಿತ್ತು. ಕೀ ತಿರುಗಿಸಿದ, ಹಿಡಿಯಿತು.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ," ಅಂತ ಅವನು ನಕ್ಕ. ನನ್ನ ಯಜಮಾನರೂ ನಕ್ಕರು. ನಾನು ಹಿಂದಿನ ಸೀಟಿನಲ್ಲಿ ಕೂತು ನಗರ ಸೇರಿದೆ. ಊಟದ ಪಂಕ್ತಿಯಲ್ಲಿ ಪಾಯಸಕ್ಕಿಂತ ಮೊದಲು ಈ ಸುದ್ದಿಯೇ ಎಲ್ಲರ ಎಲೆಗೂ ಬಡಿಸಿಯಾಗಿತ್ತು.

ಮನೆಗೆ ಬಂದ ಮೇಲೆ ಯಜಮಾನರು, "ಒಬ್ಬ ಡ್ರೈವರ್ ಗೊತ್ತು ಮಾಡಿವ್ನಿ ಕಣೆ. ಒಂದನೇ ತಾರೀಕಿಂದ ಬತ್ತನೆ. ಹಿಂದ್ಗಡೆ ಕೂತ್ಕೊಂಡು ಆರಾಮಾಗಿ ಹೋಗ್ಬುಟ್ಟು ಬಾ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅದೇ ಕಷ್ಟ. ಹೋಗುವಾಗ ಮುಕ್ಕಾಲು, ಬರುವಾಗ ಮುಕ್ಕಾಲು ಗಂಟೆ ಆ ಸ್ಟೇರಿಂಗ್ ಹಿಂದೆ ಕೂರುವುದೇ ಇಡೀ ದಿನದಲ್ಲಿ ನನ್ನದು ಅಂತ ಇದ್ದ ಹೊತ್ತು. ಒಂದು ಸಲ ಹಿಂದಿನ ಸೀಟಿಗೆ ಹೋದೆನೆಂದರೆ ಈ ಜನ್ಮದಲ್ಲಿ ಮತ್ತೆ ಮುಂದಕ್ಕೆ ಬರಲಾರೆ ಅಂತ ನನಗೆ ಗೊತ್ತಿತ್ತು. ಒಂದನೇ ತಾರೀಕಿಗೆ ಇನ್ನು ಹತ್ತು ದಿನ.

ಶನಿವಾರ ಐದನೇ ಸಲ ಹೋದೆ. ಅಡ್ವೈಸರನ್ನು ಮಾತಾಡಿಸದೆ ಸೀದಾ ಗಾಜಿನೊಳಗೆ ನುಗ್ಗಿ ಮ್ಯಾನೇಜರ ಎದುರು ಕೂತೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಶಾಂತವಾಗಿ ಕೇಳಿಸಿಕೊಂಡು, ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ನಾಲ್ಕು ಸಲ ಬಂದಿದೀರಿ ಮೇಡಂ. ನಾಲ್ಕು ಸಲವೂ ಫೀಡ್‌ಬ್ಯಾಕ್ ತಗೊಂಡಿದೀವಿ. ನೋಡಿ. ಹತ್ತು, ಹತ್ತು, ಹತ್ತು, ಹತ್ತು. ಸಮಸ್ಯೆ ಬಗೆಹರಿದಿದೆಯಾ ಅಂದ್ರೆ ಹೌದು ಅಂತ ನಿಮ್ಮ ಮನೆಯವರೇ ಹೇಳಿದಾರೆ. ಕಂಪ್ನಿ ಲೆಕ್ಕದಲ್ಲಿ ನಿಮ್ಮ ಗಾಡಿಗೆ ಕಂಪ್ಲೇಂಟೇ ಇಲ್ಲ."

ಕೆಳಗೆ ನನ್ನ ಯಜಮಾನರ ನಂಬರಿತ್ತು. ಅದರ ಪಕ್ಕದಲ್ಲಿ ಅಡ್ವೈಸರು ಮೊದಲ ದಿನ ಟೈಪ್ ಮಾಡಿಕೊಂಡದ್ದೂ ಇತ್ತು. ಲೇಡಿ ಡ್ರೈವರ್, ಓಡಿಸುವ ರೀತಿ ತಿಳಿಸಿಕೊಡಲಾಗಿದೆ. ನಾಲ್ಕೂ ಸಲಕ್ಕೆ ಅದೇ ಸಾಲು. ಹೊಸದಾಗಿ ಬರೆಯುವ ಕಷ್ಟವನ್ನೂ ಆ ಮಹಾಶಯರು ತಗೊಂಡಿರಲಿಲ್ಲ. ಮ್ಯಾನೇಜರು ಮತ್ತೊಂದು ಸಲ ಚೆಕ್ ಮಾಡುತ್ತೇವೆ ಅಂದರು, ಮಾಡಿಸಿದರು, ತೊಳೆದು ಕೊಟ್ಟರು.

ಮನೆಗೆ ಬಂದು ಕೇಳಿದೆ. ಯಜಮಾನರು ಪೇಪರು ಓದುತ್ತಿದ್ದವರು ತಲೆ ಎತ್ತಿದರು.

"ಊಂ, ಫೋನ್ ಮಾಡ್ತಿದ್ರು. ಹತ್ತು ಅಂದೆ."

"ಗಾಡಿ ಸರಿ ಹೋಗಿಲ್ಲ ಅಂತ ಗೊತ್ತಿತ್ತಲ್ರೀ ನಿಮಗೆ."

"ಅವ್ರು ಸರಿ ಅದೆ ಅಂದ್ರು, ನೀನು ಇಲ್ಲ ಅಂದೆ. ಅವ್ರು ಕಂಪ್ನಿಯವ್ರು ಕಣೆ, ಅವ್ರಿಗೆ ಗೊತ್ತಿರಲ್ವಾ? ಅಲ್ದೆ ಆ ಅಡ್ವೈಸರು ಪಾಪ, ಸಾರ್ ನಿಮ್ಮ ಕೈಲದೆ ನನ್ನ ಕೆಲ್ಸ ಅಂದ. ಮನೆಮಠ ಇರೋನು. ನಾಳೆ ಸಂತೆಮಾಳದಲ್ಲಿ ಎದುರು ಸಿಕ್ರೆ ಮಖ ನೋಡ್ಬೇಕಲ್ಲ."

ನಮ್ಮ ಕಡೆ ಜನ ಹೀಗೇ. ಮದುವೆ ಊಟದಲ್ಲಿ ಸಾರು ಹಳಸಿದ್ದರೂ, ಹೇಗಿತ್ತು ಊಟ ಅಂದರೆ ಬೊಂಬಾಟಾಗಿತ್ತು ಅನ್ನುತ್ತೇವೆ. ಕೇಳಿದವರ ಮುಖಕ್ಕೆ ಇಲ್ಲ ಅನ್ನುವುದು ನಮಗೆ ಬಾರದು. ಆ ಷೋರೂಮಿನವರಿಗೆ ಇದು ಚೆನ್ನಾಗಿ ಗೊತ್ತು. ಎಂಜಿನ್ ಬಗ್ಗೆ ಏನೂ ತಿಳಿಯದಿದ್ದರೂ ನಮ್ಮ ಬಗ್ಗೆ ತಿಳಿದುಕೊಂಡಿದ್ದಾರೆ.

ನಾನು ಕೂಗಾಡಲಿಲ್ಲ. "ಆ ಡ್ರೈವರು ಬರೋಕೆ ಮುಂಚೆ ಒಂದು ದಿನ ನೀವೇ ಬಂದು ನನ್ನ ಸ್ಕೂಲಿಂದ ಕರ್ಕೊಂಡು ಬನ್ನಿ. ನೀವು ಓಡಿಸೋದು ನೋಡಿಯಾದ್ರೂ ಕಲಿತೀನಿ," ಅಂದೆ. ಈ ಮಾತಿಗೆ ಅವರು ಉಬ್ಬಿದರು. ಸೋಮವಾರ ನಾನು ಬಸ್ಸಿನಲ್ಲಿ ಹೋದೆ.

ಮಧ್ಯಾಹ್ನ ಮೂರೂವರೆಗೆ, ನೆತ್ತಿ ಸುಡುವ ಬಿಸಿಲಲ್ಲಿ, ಕಾರು ಸ್ಕೂಲಿನ ಗೇಟಿಗೆ ಬಂತು. ಅವರು ಇಳಿದು ನೀರು ಕುಡಿಯಲು ಹೊರಟರು. ಎಂಜಿನ್ ತಣ್ಣಗಾದೀತೆಂದು ನಾನು ಬಾಟಲಿಯನ್ನು ಅವರ ಕೈಗೇ ಕೊಟ್ಟು, ಹೊತ್ತಾಯಿತು ನಡೀರಿ ಅಂದೆ. ಪಕ್ಕದಲ್ಲಿ ಕೂತು ನೋಟ್‌ಬುಕ್ ತೆಗೆದೆ. ಹನ್ನೊಂದನೇ ನಿಮಿಷಕ್ಕೆ ಒಂದು ಹಂಪು ಬಂತು. ಅವರು ನಿಧಾನ ಮಾಡಿದರು. ದೀಪಗಳೆಲ್ಲ ಹತ್ತಿಕೊಂಡವು.

ಅವರು ಕ್ಲಚ್ ತುಳಿದರು, ಗೇರು ಅಲ್ಲಾಡಿಸಿದರು, ಕೀ ತಿರುಗಿಸಿದರು, ಮತ್ತೆ ಕ್ಲಚ್ ತುಳಿದರು. ಹಿಂದೆ ಸರ್ಕಾರಿ ಬಸ್ಸು ನಿಂತು ಹಾರನ್ ಬಾರಿಸತೊಡಗಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು, "ಏನಣ್ಣ, ಹೊಸ್ದಾಗಿ ಕಲೀತಾ ಇದೀರಾ?" ಅಂದ. ಬಸ್ಸಿನ ಕಿಟಕಿಗಳಲ್ಲೆಲ್ಲ ನಗುವ ಮುಖಗಳು. ಯಜಮಾನರ ಕಿವಿ ಕೆಂಪಾಯಿತು. ನಾನು ಟೈಮು ಬರೆದುಕೊಂಡೆ.

"ಗಾಡೀಲೇ ಏನೋ ಅದೆ ಕಣೆ," ಅಂದರು ಕೊನೆಗೆ.

ನಾಲ್ಕು ತಿಂಗಳಿಂದ ನಾನು ಹೇಳುತ್ತಿದ್ದದ್ದು ಅಷ್ಟೇ ಮಾತು. ನನ್ನ ಬಾಯಲ್ಲಿ ಅದು ನೆಲ ಡೊಂಕು ಅನ್ನುವ ನೆಪವಾಗಿತ್ತು, ಅವರ ಬಾಯಿಗೆ ಬಂದ ಕೂಡಲೇ ನಿಜವಾಯಿತು.

ವಾರಂಟಿ ಹಾಳಾಗಿ ಹೋಗಲಿ ಅಂತ ಅವತ್ತು ಸಂಜೆಯೇ, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹುಣಸೂರಿನ ಹಳೇ ಮೆಕಾನಿಕ್ಕೊಬ್ಬರ ಷೆಡ್ಡಿಗೆ ನಾನೇ ಓಡಿಸಿಕೊಂಡು ಹೋದೆ. ಅಪ್ಪನ ಕಾಲದಿಂದ ಗಾಡಿ ರಿಪೇರಿಯೇ ಮಾಡಿಕೊಂಡು ಬಂದ ಸಾಬರು, ಬಿಳೀ ಗಡ್ಡ, ಎಲ್ಲರಿಗೂ ಭಾಯ್. ಅವರು ಯಜಮಾನರ ಮುಖ ನೋಡಲಿಲ್ಲ, ಕಾರಿಂದ ಯಾರು ಇಳಿದರು ಅಂತಲೂ ನೋಡಲಿಲ್ಲ. "ಬಿಸಿ ಆದ್ಮೇಲೆ ನಿಲ್ತದಾ ಅಮ್ಮ, ತಣ್ಣಗಿದ್ದಾಗ ನಿಲ್ತದಾ?" ಅಂತ ಕೇಳಿದರು. ನಾಲ್ಕು ತಿಂಗಳಲ್ಲಿ ಈ ಪ್ರಶ್ನೆ ಕೇಳಿದ ಮೊದಲನೇ ಮನುಷ್ಯ. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ.

ನೋಟ್‌ಬುಕ್ ಕೊಟ್ಟೆ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಎಂಜಿನ್ ಚಾಲೂ ಇಟ್ಟು, ಅದು ತಾನಾಗೇ ಆಫ್ ಆಗುವವರೆಗೆ ಬೀಡಿ ಸೇದುತ್ತಾ ಕಾದರು. ಆಮೇಲೆ ಎಂಜಿನ್ನಿನ ಪಕ್ಕದಲ್ಲಿದ್ದ ಹೆಬ್ಬೆರಳು ಗಾತ್ರದ ಒಂದು ವಸ್ತುವಿನ ಮೇಲೆ ತಣ್ಣೀರು ಸುರಿದು, "ಈಗ ತಿರುಗ್ಸಮ್ಮ" ಅಂದರು. ಹಿಡಿಯಿತು. "ಸೆನ್ಸರ್ ಹೋಗ್ಬುಟ್ಟಿದೆ. ಕಾದ್ರೆ ಕೆಲ್ಸ ಮಾಡಲ್ಲ. ನೀವು ಬರ್ದಿದೀರಲ್ಲ ಎಲ್ಲಾ, ನಾನು ಹುಡ್ಕೋದೇನಿತ್ತು," ಅಂದರು. ಹೊಸದು ತರಿಸಿ ಹಾಕಿದರು. ಅವತ್ತಿನಿಂದ ಕಾರು ಎಲ್ಲೂ ನಿಂತಿಲ್ಲ. ಡ್ರೈವರಿಗೆ ಬರಬೇಡ ಅಂತ ಯಜಮಾನರೇ ಫೋನ್ ಮಾಡಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ರಿಪೇರಿಯಾದ ಮಾರನೇ ದಿನ, ಮಂಗಳವಾರ ಸಂಜೆ, ನಾನು ಟೆಸ್ಟ್ ಪೇಪರು ತಿದ್ದುತ್ತಾ ಕೂತಿದ್ದೆ. ಯಜಮಾನರ ಫೋನ್ ಬಂತು. ಸ್ಪೀಕರ್ ಹಾಕಿಯೇ ಮಾತಾಡುವುದು ಅವರ ಅಭ್ಯಾಸ. ಆ ಕಡೆ ಹೆಣ್ಣು ದನಿ. ಶನಿವಾರ ನಿಮ್ಮ ಗಾಡಿ ಸರ್ವೀಸ್ ಆಗಿದೆ ಸಾರ್, ಒಂದರಿಂದ ಹತ್ತರಲ್ಲಿ ಎಷ್ಟು ಕೊಡ್ತೀರಿ? ಅವರು ನನ್ನ ಮುಖ ನೋಡಿದರು. ನಾನು ಕೆಂಪು ಪೆನ್ನು ಕೆಳಗಿಟ್ಟೆ. ಹಂಪು, ಬಸ್ಸು, ಕಂಡಕ್ಟರು, ಭಾಯ್, ಎಲ್ಲ ಆಗಿ ಒಂದು ದಿನವಾಗಿತ್ತು ಅಷ್ಟೇ. ಅವರು ಗಂಟಲು ಸರಿ ಮಾಡಿಕೊಂಡರು.

"ಎಂಟು," ಅಂದರು.

ಫೋನ್ ಇಟ್ಟ ಮೇಲೂ ನಾನು ನೋಡುತ್ತಲೇ ಇದ್ದೆ.

"ಯಾಕಂಗೆ ನೋಡ್ತೀಯೆ?" ಅಂದರು. "ಎರಡು ಕಳ್ದಿವ್ನಲ್ಲ, ನಿನಗೋಸ್ಕರ."

ಅವತ್ತು ರಾತ್ರಿ ಅವರು ಅರ್ಧ ಮುದ್ದೆಗೇ ಕೈ ತೊಳೆದರು. ಯಾಕೆಂದು ಕೇಳಿದರೆ, "ಎಂಟು ಕೊಟ್ರೆ ಫೇಲಂತೆ ಕಣೆ. ಪಾಪ, ಆ ಅಡ್ವೈಸರಿಗೆ ಏನು ಮಾಡ್ತರೋ" ಅಂದರು. ನಾಲ್ಕು ತಿಂಗಳು, ನಾನು ನಡುರಸ್ತೆಯಲ್ಲಿ ನಿಂತು ಹಾರನ್ ಕೇಳಿ ಬಂದ ಒಂದೊಂದು ದಿನವೂ, ಅವರು ಎರಡು ಮುದ್ದೆ ಉಂಡಿದ್ದರು. ಬಡಿಸಿದವಳು ನಾನೇ, ನನಗೆ ಚೆನ್ನಾಗಿ ನೆನಪಿದೆ.